ಹೊಟ್ಟೆ ಉರಿಯ ಎರಡು ಗೆರೆಗಳು

ನನ್ನ ಮಗಳ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದು ನನಗಿಂತ ಮೊದಲು ಗೊತ್ತಾದದ್ದು ಒಬ್ಬ ನಿವೃತ್ತ ಬಸ್ ಕಂಡಕ್ಟರಿಗೆ. ಹೆಸರು ಜಯಶೀಲಾ. ಮೂವತ್ತೊಂದು ವರ್ಷ ತುಮಕೂರಿನ ಬಸ್ಸುಗಳಲ್ಲಿ ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತು. ಮಕ್ಕಳಿಲ್ಲ. ನಮ್ಮ ವಾರ್ಡಿನ ನೆರೆಮಂಡಳಿಯ ಮೂವರು ಸ್ವಯಂಸೇವಕರಲ್ಲಿ ಒಬ್ಬರು. ಬಳೆ ಹಾಕಿಕೊಳ್ಳುವ ಸರದಿ ಅವರದಾಗಿತ್ತು.

ನೆರೆಮಂಡಳಿಗಳು ಬಂದು ಆಗ ಆರು ವರ್ಷ. ಹದಿನೆಂಟು ತುಂಬದ ಮಕ್ಕಳು ತಪ್ಪು ಮಾಡಿದರೆ ಮೊದಲೇ ಕೋರ್ಟಿನ ಮೆಟ್ಟಿಲು ಹತ್ತಿಸದೆ, ಅದೇ ವಾರ್ಡಿನ ಮೂರು ಜನರ ಮುಂದೆ ಕೂರಿಸುತ್ತಿದ್ದರು. ನಾಲ್ಕು ಶನಿವಾರ, ಮಧ್ಯಾಹ್ನ ಮೂರಕ್ಕೆ, ವಾರ್ಡ್ ಕಚೇರಿಯ ಮಹಡಿಯ ಮೇಲೆ. ಮಗು, ತೊಂದರೆಗೆ ಒಳಗಾದವರು, ಎರಡೂ ಕಡೆಯ ಹೆತ್ತವರು ಎಲ್ಲರೂ ಬರಬೇಕು. ಕೊನೆಗೆ ಏನು ಸರಿಪಡಿಸಬೇಕೆಂದು ಒಪ್ಪಂದ ಬರೆದು ಮೂವರೂ ಸಹಿ ಮಾಡಿದರೆ ಕಡತ ಮುಚ್ಚುತ್ತಿತ್ತು.

ಬಳೆ ಎಂದರೆ ನಿಜವಾದ ಬಳೆಯಲ್ಲ. ಸರ್ಕಾರದ ಕಾಗದದಲ್ಲಿ ಅದಕ್ಕೆ ಸಮವೇದಿ ಎಂದು ಹೆಸರು. ಬೂದುಬಣ್ಣದ ಎರಡು ಪಟ್ಟಿ. ಒಂದು ಮಗುವಿನ ಮಣಿಕಟ್ಟಿಗೆ, ಇನ್ನೊಂದು ಸ್ವಯಂಸೇವಕರ ಮಣಿಕಟ್ಟಿಗೆ. ಮಗು ನಡೆದದ್ದನ್ನು ಮನಸ್ಸಿನಲ್ಲಿ ನೆನೆದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಎದೆಬಡಿತ, ಉಸಿರು, ಹೊಟ್ಟೆಯ ನರಗಳ ಬಿಗಿತವನ್ನು ಒಂದು ಪಟ್ಟಿ ಹಿಡಿದು ಇನ್ನೊಂದಕ್ಕೆ ಕಳಿಸುತ್ತಿತ್ತು. ಮಗುವಿಗೆ ಆದದ್ದರ ನಾಲ್ಕನೇ ಒಂದು ಭಾಗ ಎದುರು ಕೂತವರ ಮೈಯಲ್ಲೂ ಆಗುತ್ತಿತ್ತು. ಪಕ್ಕದ ಪರದೆಯ ಮೇಲೆ ಒಂದು ಗೆರೆ ಓಡುತ್ತ, ಕೊನೆಗೆ ಒಂದು ಪದ ಬರುತ್ತಿತ್ತು. ಭಯ. ಅವಮಾನ. ಹಸಿವು. ಯೋಚನೆಗಳನ್ನು ಅದು ಓದುತ್ತಿರಲಿಲ್ಲ. ಮೈ ಸುಳ್ಳು ಹೇಳುವುದಿಲ್ಲವಲ್ಲ, ಅಷ್ಟು ಸಾಕು ಎನ್ನುತ್ತಿದ್ದರು.

ಹೆತ್ತವರಿಗೆ ಮಾತ್ರ ಬಳೆ ಕೊಡುತ್ತಿರಲಿಲ್ಲ. ತಾಯಂದಿರು ತಮ್ಮ ಹೆದರಿಕೆಯನ್ನೇ ಮಗುವಿನದೆಂದು ಹೇಳಿಬಿಡುತ್ತಾರಂತೆ.

ನನ್ನ ಮಗಳು ಇಬ್ಬನಿಗೆ ಹದಿನೈದು ವರ್ಷ. ಶಾಲೆಯ ಖೋಖೋ ತಂಡದಲ್ಲಿದ್ದಳು. ಅವಳ ಜೀವದ ಗೆಳತಿ ಧೃತಿ ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆಯಾದಳು, ಇವಳು ಆಗಲಿಲ್ಲ. ಶಿಬಿರ ಸೋಮವಾರ ಶುರು. ಶುಕ್ರವಾರ ಸಂಜೆ ಇಬ್ಬನಿ ಆಟದ ಸಾಮಾನಿನ ಕೋಣೆಯಲ್ಲಿ ಧೃತಿಯ ಬ್ಯಾಗಿಗೆ ಬೆಂಕಿ ಇಟ್ಟಳು. ಬೂಟು, ಸಮವಸ್ತ್ರ, ಆಯ್ಕೆಯ ಕಾಗದ ಎಲ್ಲ ಅದರಲ್ಲಿತ್ತು. ಒಳಗಿದ್ದ ಯಾವುದೋ ಡಬ್ಬಿ ಸಿಡಿದು ಬೆಂಕಿ ಚಾಪೆಗಳಿಗೆ ಹತ್ತಿತು. ಆರಿಸಲು ನುಗ್ಗಿದ ಆಯಾ ಚೌಡಮ್ಮನ ಬಲಗೈ ಮೊಣಕೈವರೆಗೆ ಸುಟ್ಟಿತು.

ಯಾಕೆ ಮಾಡಿದೆ ಎಂದು ಎಷ್ಟು ಕೇಳಿದರೂ ಇಬ್ಬನಿ ಬಾಯಿ ಬಿಡಲಿಲ್ಲ. ಶಾಲೆಯವರಿಗೂ ಹೇಳಲಿಲ್ಲ, ಅವರಪ್ಪನಿಗೂ ಹೇಳಲಿಲ್ಲ. ನನ್ನನ್ನು ಕಂಡರಂತೂ ಮುಖ ತಿರುಗಿಸಿಬಿಡುತ್ತಿದ್ದಳು.

ಮೊದಲ ಶನಿವಾರ ಜಯಶೀಲಾ ಬಳೆ ಹಾಕಿಕೊಂಡು ಅವಳ ಎದುರು ಕೂತರು. ಹತ್ತು ನಿಮಿಷ ಕಳೆಯಿತು. ಆಮೇಲೆ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು, "ಅಯ್ಯೋ ನನ್ ಕಂದಾ," ಎಂದರು.

ನನ್ನ ಕಂದ! ನಾನು ಮೂರಡಿ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ.

ಬಳೆಗಳ ಉಸ್ತುವಾರಿಯ ತಂತ್ರಜ್ಞೆ ನಸ್ರೀನ್ ಎಂಬ ಹುಡುಗಿ. ಪರದೆ ನೋಡುತ್ತಿದ್ದವಳು ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ ಕಡೆ ನೋಡ್ದಾಗೆಲ್ಲ ಅವಳ ಭಯದ ಗೆರೆ ಮೇಲಕ್ಕೆ ಹಾರ್ತಿದೆ. ಸ್ವಲ್ಪ ಹೊರಗಡೆ ಕೂತ್ಕೋತೀರಾ?"

ಹೊರಗೆ ಕೂತೆ. ಕಿಟಕಿಯ ಗಾಜಿನಾಚೆ ಇಬ್ಬನಿ ಜಯಶೀಲಾ ಅವರ ಮುಖವನ್ನೇ ನೋಡುತ್ತಿದ್ದಳು. ನಾನು ಒಮ್ಮೆಯೂ ಅವಳ ಮೇಲೆ ಕೈ ಎತ್ತಿದವಳಲ್ಲ. ಹೆಚ್ಚೆಂದರೆ ಎರಡು ದಿನ ಮಾತು ಬಿಟ್ಟಿರಬಹುದು. ನನ್ನ ಕಂಡರೆ ಭಯವೆಂದರೆ ಏನರ್ಥ?

ಎರಡನೇ ವಾರದಿಂದ ಮಂಡಳಿಯ ನಿಯಮದಂತೆ ಇಬ್ಬನಿ ಸಂಜೆ ಒಂದು ಗಂಟೆ ಜಯಶೀಲಾ ಅವರ ಮನೆಗೆ ಹೋಗಬೇಕಾಯಿತು. ಮಗುವಿಗೆ ಸಲಿಗೆ ಬೆಳೆದರೆ ನೆನಪುಗಳು ಸರಿಯಾಗಿ ಬರುತ್ತವಂತೆ. ಮೊದಲ ದಿನ ಕಾಲೆಳೆದುಕೊಂಡು ಹೋದಳು. ನಾಲ್ಕನೇ ದಿನ ಶಾಲೆಯಿಂದ ಬಂದವಳೇ ಚೀಲ ಎಸೆದು ಹೊರಟಳು. ಬರುವಾಗ ಏಳೂವರೆ.

"ಊಟ?" ಎಂದೆ.

"ಜಯಾಂಟಿ ಮನೇಲಿ ಆಯ್ತು."

"ಏನ್ ಮಾಡಿದ್ರು?"

"ಹಾಗಲಕಾಯಿ ಗೊಜ್ಜು."

ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಹಾಗಲಕಾಯಿ ತಟ್ಟೆಗೆ ಬಿದ್ದರೆ ತಟ್ಟೆಯನ್ನೇ ದೂಡುವ ಹುಡುಗಿ ಇವಳು. ಉಪ್ಪು ನೀರಲ್ಲಿ ನೆನೆಸಿ, ಬೆಲ್ಲ ಹಾಕಿ, ಎಣ್ಣೆಯಲ್ಲಿ ಹುರಿದು, ಹತ್ತು ವರ್ಷದಿಂದ ನಾನು ಮಾಡದ ಉಪಾಯವಿಲ್ಲ.

"ಕಹಿ ಆಗ್ಲಿಲ್ವಾ?"

"ಆಯ್ತು. ತಿಂದೆ."

ಅಷ್ಟೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರಪ್ಪ ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಬಂದವರು, "ಎಲ್ಲೋ ಒಂದ್ ಕಡೆ ತಿಂತಾಳಲ್ಲ, ಬಿಡು," ಎಂದರು. ಅವರಿಗೆ ಬಡಿಸಿದ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಅವರು ಏನೂ ಅನ್ನದೆ ಉಂಡರು.

ಮರುದಿನ ಮಾರುಕಟ್ಟೆಗೆ ಹೋಗುವ ನೆಪದಲ್ಲಿ ಜಯಶೀಲಾ ಅವರ ಬೀದಿಯಲ್ಲಿ ಹೋದೆ. ನಮ್ಮ ಮನೆಯಿಂದ ಮಾರುಕಟ್ಟೆಗೆ ಅದು ದಾರಿಯೇ ಅಲ್ಲ. ಮನೆಯ ಮುಂದಿನ ಜಗಲಿಯ ಮೇಲೆ ಇಬ್ಬನಿ ಕೂತಿದ್ದಳು. ಆ ಹೆಂಗಸು ಎದುರು ನಿಂತು ಹೆಗಲಿಗೆ ಚೀಲ ಹಾಕಿಕೊಂಡವರಂತೆ ನಟಿಸುತ್ತ, "ಏಯ್, ಬಾಗ್ಲಲ್ಲಿ ನಿಂತ್ಕೋಬೇಡಿ, ಒಳಗಡೆ ಮದುವೆ ಮಂಟಪದಷ್ಟು ಜಾಗ ಇದೆ!" ಎಂದು ಹಳೆಯ ಬಸ್ಸಿನ ದನಿಯಲ್ಲಿ ಕೂಗುತ್ತಿದ್ದರು. ಇಬ್ಬನಿ ನಗುತ್ತಿದ್ದಳು. ಬೆಂಕಿ ಬಿದ್ದ ದಿನದಿಂದ ನಾನು ಕೇಳಿರದ ನಗು. ಕೊತ್ತಂಬರಿ ಸೊಪ್ಪನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ.

ಮೂರನೇ ಶನಿವಾರ ಪರದೆಯ ಮೇಲೆ ಕಾರಣ ಬಂತು. ಹೊರಗಿದ್ದ ನನಗೆ ಅಂದು ಗೊತ್ತಾಗಲಿಲ್ಲ. ಬುಧವಾರ ಜಯಶೀಲಾ ಅವರೇ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದೆ. ಅವರು ಕರೆಯದೆಯೇ ಒಳಗೆ ಬಂದು, ನೆಲದ ಮೇಲೆ ಕೂತು, ಒಂದು ಹಿಡಿ ಕಾಯಿ ಎಳೆದುಕೊಂಡು ಮುರಿಯತೊಡಗಿದರು. ನನಗಿಂತ ಬೇಗ ಮುರಿಯುತ್ತಿದ್ದರು, ಅದನ್ನೂ ಸಹಿಸಲಾಗಲಿಲ್ಲ.

"ಇಬ್ಬನಿ ಅಮ್ಮ, ಕೆಟ್ಟ ಸುದ್ದಿ ಕಣಮ್ಮ," ಎಂದು ಸೀರೆಯ ಮಡಿಲಿನಿಂದ ಕಾಗದ ತೆಗೆದರು. ಕಾರಣ ಎಂಬ ಕಲಮಿನ ಎದುರು ಅಚ್ಚಾಗಿತ್ತು: ಹೊಟ್ಟೆ ಉರಿ (ಅಸೂಯೆ).

"ಹಿಂಗಂದ್ರೆ?"

"ಹಿಂಗ್ ಬಂದ್ರೆ ನಾವು ಮೂವರೂ ಸಹಿ ಹಾಕಂಗಿಲ್ಲ. ಒಬ್ಬರ ಮೇಲೆ ಹೊಟ್ಟೆಕಿಚ್ಚಿಗೆ ಮಾಡಿದ್ದು ಅಂತ ಆಗೋಗುತ್ತೆ. ಫೈಲು ಕೋರ್ಟಿಗೆ ಹೋಗುತ್ತೆ. ಸ್ಕೂಲು ಬದಲಾಯಿಸ್ತಾರೆ. ಅಲ್ಲಿ ಮುಗಿಯೋತನಕ ಮನೇಲಿ ಬಿಡ್ತಾರೋ, ಬಾಲಮಂದಿರದಲ್ಲಿ ಇಡ್ತಾರೋ, ಅವರಿಗೆ ಬಿಟ್ಟಿದ್ದು." ಅವರ ಒಡಕು ದನಿ ಇನ್ನಷ್ಟು ಒಡೆಯಿತು. "ನಂಗೆ ಮನಸ್ಸೇ ಇಲ್ಲ. ಆದ್ರೆ ಬಳೇಲಿ ನಂಗಾಗಿದ್ದೂ ಅದೇ. ಧೃತೀನ ನೆನೆಸ್ಕೋ ಅಂದೆ, ಅವಳು ನೆನೆಸ್ಕೊಂಡ್ಲು, ನಂಗೆ ಹೊಟ್ಟೆ ಉರಿದ್ಹೋಯ್ತು. ಬಾಯಿಬಿಟ್ಟು ಹಂಗೇ ಅಂದೆ. ಅದೂ ಹಂಗೇ ಬರ್ಕೊಂಡ್ತು."

ನನ್ನ ಕೈಯಲ್ಲಿದ್ದ ಕಾಯಿ ಅರ್ಧಕ್ಕೇ ನಿಂತಿತು. ಆ ಹೊತ್ತಿನಲ್ಲಿ ನನ್ನ ಮೈಯಲ್ಲಿ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವಾರದಿಂದ ಹಗಲೂ ಸಂಜೆಯೂ ಅದೇ ಆಗುತ್ತಿತ್ತು. ಅದನ್ನು ನಾನು ಹೊಟ್ಟೆ ಉರಿಯಿತು ಎನ್ನುತ್ತಿರಲಿಲ್ಲ.

"ನೀವು ಏನಂದ್ರಿ, ಸರಿಯಾಗಿ ಹೇಳಿ. ಹೊಟ್ಟೆ ಉರೀತು ಅಂತಾನಾ, ಹೊಟ್ಟೆ ಉರ್ಕೊಂಡ್ಲು ಅಂತಾನಾ?"

"ಉರೀತು ಅಂದೆ. ಉರ್ಕೊಳ್ಳೋದು ಬೇರೆ ಅಲ್ವಾ? ಪಕ್ಕದ ಮನೆಯೋರು ಕಾರು ತಗೊಂಡ್ರೆ ಉರ್ಕೋತೀವಿ. ಮಗು ಮೆಟ್ಟಿಲಿಂದ ಬಿದ್ರೆ ಹೊಟ್ಟೆ ಉರಿಯುತ್ತೆ." ಅವರ ಬಾಯಿ ತೆರೆದೇ ಉಳಿಯಿತು. ಕಾಯಿ ಹಿಡಿದ ಕೈಯಿಂದಲೇ ಹಣೆ ಬಡಿದುಕೊಂಡರು. "ನನ್ನ ಟಿಕೆಟ್ ಹರಿಯ! ಅದು ಎರಡನ್ನೂ ಒಂದೇ ಅಂದ್ಕೊಂಡಿದೆ ಕಣಮ್ಮ!"

ಅಲ್ಲಿಂದಲೇ ನಸ್ರೀನಳಿಗೆ ಫೋನು ಮಾಡಿದೆವು. ಅವಳು ಪದಗಳ ಮೂಲಪಟ್ಟಿ ತೆಗೆದು ನೋಡಿ ಅರ್ಧ ಗಂಟೆಯ ಮೇಲೆ ತಿರುಗಿ ಫೋನು ಮಾಡಿದಳು. ಬಳೆಗೆ ಕನ್ನಡ ಕಲಿಸುವಾಗ ಆರು ಸಾವಿರ ಜನರಿಗೆ ಪಟ್ಟಿ ತೊಡಿಸಿ, ಮೈಯಲ್ಲಿ ಏನಾಗುತ್ತಿದೆಯೆಂದು ಅವರ ಬಾಯಿಂದಲೇ ಹೇಳಿಸಿದ್ದರು. ಆಮೇಲೆ ಕನ್ನಡ ಬಾರದ ಇನ್ನೆಲ್ಲೋ ಒಂದು ಕಚೇರಿಯಲ್ಲಿ ಕ್ರಿಯಾಪದಗಳ ಬಾಲ ಕತ್ತರಿಸಿ ವಿಂಗಡಿಸಿದ್ದರು. 'ಉರಿಯಿತು' ಕೂಡ 'ಉರಿ' ಆಯಿತು, 'ಉರಿದುಕೊಂಡಳು' ಕೂಡ 'ಉರಿ' ಆಯಿತು. ಆ 'ಕೊಳ್ಳು' ಎಂಬುದು ಕಸದಬುಟ್ಟಿಗೆ ಹೋಯಿತು. ಗೆರೆಗಳು ಬೇರೆ ಇದ್ದರೂ ಹೆಸರು ಒಂದೇ, ಅಸೂಯೆ.

"ನಂಗೆ ನಂಬಿಕೆ ಇದೆ ಮೇಡಂ," ಎಂದಳು ನಸ್ರೀನ್. "ಆದ್ರೆ ನಾನು ಹೇಳಿದ್ರೆ ಆಗಲ್ಲ. ಮಂಡಳಿ ಮುಂದೇನೇ ನಿಜವಾದ ಅಸೂಯೆಯ ಗೆರೆ ಒಂದು ಬೇಕು. ಎರಡನ್ನೂ ಪಕ್ಕಪಕ್ಕ ಇಡ್ತೀನಿ. ನಟನೆ ಮಾಡಿದ್ರೆ ಬಳೆಗೆ ಗೊತ್ತಾಗುತ್ತೆ. ಯಾರಾದ್ರೂ ಸಿಗ್ತಾರಾ ನೋಡಿ."

ಫೋನಿಟ್ಟ ಮೇಲೆ ಜಯಶೀಲಾ, "ಅಂಥೋರನ್ನ ಎಲ್ಲಿ ಹುಡ್ಕೋದು? ಮನಸ್ಸಲ್ಲಿರುತ್ತೆ, ಒಪ್ಕೋತಾರಾ ಯಾರಾದ್ರೂ?" ಎಂದರು. ನಾನು ಹುರುಳಿಕಾಯಿ ತೊಳೆಯಲು ಎದ್ದೆ.

ಕೊನೆಯ ಶನಿವಾರ ಮಹಡಿಯ ಕೋಣೆ ತುಂಬಿತ್ತು. ಮಂಡಳಿಯ ಹಿರಿಯರು ನಿವೃತ್ತ ಪಶುವೈದ್ಯ ಪುಟ್ಟಸ್ವಾಮಯ್ಯ. ಅವರ ಪಕ್ಕದಲ್ಲಿ ಫ್ಲೆಕ್ಸ್ ಅಂಗಡಿಯ ತೌಸೀಫ್. ಇನ್ನೊಂದು ಕಡೆ ಧೃತಿ, ಅವಳ ಅಮ್ಮ, ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಚೌಡಮ್ಮ. ಇಬ್ಬನಿ ತಲೆ ತಗ್ಗಿಸಿ ಕೂತಿದ್ದಳು. ನಾನು ಎಂದಿನಂತೆ ಹೊರಗೆ, ಅಂದು ಓರೆಯಾಗಿ ತೆರೆದಿದ್ದ ಬಾಗಿಲ ಪಕ್ಕದಲ್ಲಿ.

ನಸ್ರೀನ್ ಪದಗಳ ವಿಷಯ ವಿವರಿಸಿದಳು. ಪುಟ್ಟಸ್ವಾಮಯ್ಯ ಕನ್ನಡಕ ಒರೆಸಿಕೊಂಡರು. "ಸರಿಯಮ್ಮ, ವ್ಯತ್ಯಾಸ ನಮಗೂ ಗೊತ್ತು. ಪುರಾವೆ ಬೇಕಲ್ಲ. ಇಲ್ದಿದ್ರೆ ನಾನು ಈ ಕಾಗದ ಮೇಲಕ್ಕೆ ಕಳಿಸ್ಲೇಬೇಕು."

ತೌಸೀಫ್, "ನನ್ ಅಂಗಡಿ ಎದುರಿಗೆ ಇನ್ನೊಂದು ಫ್ಲೆಕ್ಸ್ ಅಂಗಡಿ ಬಂದಾಗ ಸ್ವಲ್ಪ ಆಗಿತ್ತು. ಆದ್ರೆ ಅವನು ಬಾಗ್ಲು ಹಾಕ್ಕೊಂಡು ಹೋಗಿ ಎರಡು ವರ್ಷ ಆಯ್ತು," ಎಂದು ಸಂಕೋಚದಿಂದ ನಕ್ಕ. ಪುಟ್ಟಸ್ವಾಮಯ್ಯ ಪೆನ್ನಿನ ಮುಚ್ಚಳ ತೆಗೆದರು.

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ನಾನಿದ್ದೀನಿ," ಎಂದೆ.

ಇಬ್ಬನಿ ತಲೆ ಎತ್ತಿದಳು. ಪರದೆಯ ಮೇಲೆ ಅವಳ ಭಯದ ಗೆರೆ ಚಂಗನೆ ಹಾರಿದ್ದು ನನಗೂ ಕಂಡಿತು. ಆದರೂ ನಿಂತೆ.

"ನಿಮಗಾ? ಯಾರ ಮೇಲಮ್ಮ?" ಎಂದರು ಪುಟ್ಟಸ್ವಾಮಯ್ಯ.

ಮದುವೆ ಮನೆಯಲ್ಲಿ ಸೀರೆ ಜಾರಿದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಧೃತಿಯ ಅಮ್ಮ ನೋಡುತ್ತಿದ್ದಳು. ಚೌಡಮ್ಮ ನೋಡುತ್ತಿದ್ದಳು. ನನ್ನ ಮಗಳು ನೋಡುತ್ತಿದ್ದಳು.

"ಇವರ ಮೇಲೆ," ಎಂದು ಜಯಶೀಲಾ ಅವರ ಕಡೆ ಕೈ ತೋರಿಸಿದೆ. "ಮೂರು ವಾರದಿಂದ. ಈಗಲೂ."

ಹೆತ್ತವರಿಗೆ ಬಳೆ ಇಲ್ಲವೆಂಬ ನಿಯಮವನ್ನು ಪುಟ್ಟಸ್ವಾಮಯ್ಯ ಈ ಒಂದು ಸಲ ಸಡಿಲಿಸಿದರು. ನಸ್ರೀನ್ ಇಬ್ಬನಿಯ ಕೈಯಿಂದ ಪಟ್ಟಿ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದಳು. ಅದು ಇನ್ನೂ ಬೆಚ್ಚಗಿತ್ತು. ಏನಾದರೂ ನೆನೆಸಿಕೊಳ್ಳಿ ಎಂದಳು. ನೆನೆಸಿಕೊಳ್ಳಲು ಕಷ್ಟವೇನಾಗಲಿಲ್ಲ. ಜಗಲಿ, ಆ ನಗು, ಅಯ್ಯೋ ನನ್ ಕಂದಾ.

ಎದುರು ಕೂತ ಜಯಶೀಲಾ ಅವರ ಮುಖ ಮೆಲ್ಲಗೆ ಗಂಟಾಯಿತು. ಹಲ್ಲು ಕಚ್ಚಿದರು. ಮೂಗಿನ ಹೊಳ್ಳೆ ಅರಳಿತು. "ಅಬ್ಬಬ್ಬಾ, ಏನಮ್ಮ ಇದು! ಎದೆಮೂಳೆ ಕೆಳಗಿಂದ ಗಂಟಲಿಗೆ ಏರುತ್ತೆ, ಮೆಣಸಿನಕಾಯಿ ಘಾಟು ಏರ್ದಂಗೆ. ಯಾರನ್ನಾದ್ರೂ ಚಿವುಟಿಬಿಡೋಣ ಅನ್ನಿಸುತ್ತೆ." ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. "ನನ್ನನ್ನೇ ಅಲ್ವಾ ಚಿವುಟಬೇಕು ಅನ್ನಿಸ್ತಿರೋದು?"

"ಹೂಂ."

"ಹುಡುಗೀದು ಹಿಂಗಿರಲಿಲ್ಲ ಸಾರ್," ಎಂದು ಅವರು ಹಿರಿಯರ ಕಡೆ ತಿರುಗಿದರು. "ಅದು ಕೆಳಗಡೆ, ಹೊಕ್ಕಳ ಸುತ್ತ. ಯಾರೋ ಕರುಳಿಗೆ ಕೈ ಹಾಕಿ ಹಿಂಡ್ದಂಗೆ. ಚಿವುಟೋದಲ್ಲ, ಓಡೋಗಿ ಎತ್ಕೋಬೇಕು ಅನ್ನಿಸ್ತಿತ್ತು."

ನಸ್ರೀನ್ ಎರಡು ಗೆರೆಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟಳು. ನನ್ನದು ಗರಗಸದ ಹಲ್ಲಿನಂತೆ ಮೊನಚಾಗಿ ಏರುತ್ತಿತ್ತು. ಇಬ್ಬನಿಯದು ಆಳಕ್ಕೆ ಇಳಿದು ಮೇಲೆ ಬರದೆ ಅಲ್ಲೇ ನಡುಗುತ್ತಿತ್ತು. ಅಕ್ಷರ ಬಾರದ ಚೌಡಮ್ಮ ಕೂಡ, "ಎರಡೂ ಬೇರೆ ಬೇರೆ ಐತೆ," ಎಂದಳು.

ಪುಟ್ಟಸ್ವಾಮಯ್ಯ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಧೃತೀನ ನೋಡಿದ್ರೆ ನಿಂಗೆ ಯಾಕಮ್ಮ ಅಷ್ಟು ಸಂಕಟ?"

ಇಬ್ಬನಿ ನನ್ನನ್ನು ನೋಡಿದಳು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

"ಅವಳು ಹೇಳಲ್ಲ ಸಾರ್." ಮಾತಾಡಿದ್ದು ಧೃತಿ. ನಾಲ್ಕು ವಾರದಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. "ನಾನು ಆಣೆ ಹಾಕಿಸ್ಕೊಂಡಿದೀನಿ. ಅವರಮ್ಮನ ಮೇಲೆ."

"ಏನಂತ?"

"ನನ್ ಮಂಡಿ ವಿಷಯ ಯಾರಿಗೂ ಹೇಳಬಾರದು ಅಂತ." ಅವಳು ಅಳತೊಡಗಿದಳು. "ಜುಲೈಯಿಂದ ನೋವು. ಸ್ಪ್ರೇ ಹೊಡ್ಕೊಂಡು ಆಡ್ತಿದ್ದೆ. ಬಾತ್‌ರೂಮಲ್ಲಿ ಕೂತು ಅಳೋವಾಗ ಇವಳೇ ಕಾಲು ಒತ್ತುತ್ತಿದ್ದಳು. ಶಿಬಿರಕ್ಕೆ ಹೋಗ್ಬೇಡ ಅಂದ್ಲು. ಹೇಳಿದ್ರೆ ನಿಮ್ಮಮ್ಮ ಸತ್ತೋಗ್ತಾರೆ ನೋಡು ಅಂದೆ."

ಆಯ್ಕೆಯ ಕಾಗದ, ಬೂಟು, ಮಂಡಿಪಟ್ಟಿ, ಸ್ಪ್ರೇ ಡಬ್ಬಿ. ಎಲ್ಲ ಆ ಬ್ಯಾಗಿನಲ್ಲಿತ್ತು. ಅದು ಇಲ್ಲದಿದ್ದರೆ ಧೃತಿ ಸೋಮವಾರ ಹೋಗಲಾಗುತ್ತಿರಲಿಲ್ಲ. ಹೇಳುವುದಕ್ಕೆ ಬಾಯಿಲ್ಲದ ಹುಡುಗಿ ಸುಡುವುದಕ್ಕೆ ಹೋಗಿದ್ದಳು.

ಧೃತಿಯ ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು. "ಜುಲೈಯಿಂದಾನಾ? ನನ್ ಹತ್ರ ಒಂದ್ ಮಾತು ಹೇಳ್ಲಿಲ್ವಲ್ಲೇ!" ಆ ಮಾತು ಕೇಳಿ, ಸುಳ್ಳು ಹೇಳಬಾರದು, ನನಗೆ ಒಂದು ಕ್ಷಣ ಸಮಾಧಾನವಾಯಿತು. ಪಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ಜಯಶೀಲಾ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ಕೆಮ್ಮಿದರು. ನಾನು ಬೇಗ ಬಿಚ್ಚಿಕೊಟ್ಟೆ.

ಭಯದ ಗೆರೆಯ ಅರ್ಥ ನನಗೆ ಆಮೇಲೆ ಹೊಳೆಯಿತು. ನನ್ನನ್ನು ಕಂಡು ಹೆದರುತ್ತಿರಲಿಲ್ಲ. ನನಗೇನಾಗುತ್ತದೋ ಎಂದು ಹೆದರುತ್ತಿದ್ದಳು. ಎದುರಿಗೆ ನಾನಿದ್ದರೆ ಎಲ್ಲಿ ಬಾಯಿ ತಪ್ಪುತ್ತದೋ ಎಂದು ಮುಖ ತಿರುಗಿಸುತ್ತಿದ್ದಳು.

ಒಪ್ಪಂದ ಬರೆಯುವಾಗ ಚೌಡಮ್ಮನ ಮಾತೇ ಮೊದಲು. "ನನ್ ಕೈ ಸುಟ್ಟಿದ್ದು ಸುಳ್ಳಲ್ಲ. ಒಂದೇ ಕೈಲಿ ಜಡೆ ಹಾಕ್ಕೊಳ್ಳಕ್ಕೆ ಬರಲ್ಲ. ಇದು ವಾಸಿ ಆಗೋಗಂಟ ದಿನಾ ಬೆಳಿಗ್ಗೆ ಬಂದು ತಲೆ ಬಾಚಿ ಜಡೆ ಹಾಕ್ಲಿ. ಚಾಪೆ ಗೀಪೆ ನೀವು ನೋಡ್ಕಳಿ." ಚಾಪೆ ಹೊಲಿಯುವುದಕ್ಕೆ ಇಬ್ಬರು ಹುಡುಗಿಯರೂ ಕೂರಬೇಕೆಂದು ಆಯಿತು. ಕಾರಣ ಎಂಬ ಕಲಮಿನಲ್ಲಿ ಪುಟ್ಟಸ್ವಾಮಯ್ಯ ಅಚ್ಚಾದ ಪದವನ್ನು ಹೊಡೆದುಹಾಕಿ, ದುಂಡಗೆ, 'ಗೆಳತಿಗಾಗಿ ಸಂಕಟ' ಎಂದು ಬರೆದರು. ಮೂವರೂ ಸಹಿ ಹಾಕಿದರು.

ಮುಂದಿನ ವಾರ ನಸ್ರೀನ್ ಒಂದು ಒಪ್ಪಿಗೆ ಪತ್ರ ತಂದಳು. ಪದಕೋಶ ತಿದ್ದುತ್ತಾರಂತೆ. ನನ್ನ ಗೆರೆ ಎಷ್ಟು ಸ್ವಚ್ಛವಾಗಿದೆಯೆಂದರೆ, ರಾಜ್ಯದ ಎಲ್ಲ ಮಂಡಳಿಗಳಲ್ಲೂ ಅಸೂಯೆಗೆ ಮಾದರಿಯಾಗಿ ಅದನ್ನೇ ಇಡುತ್ತಾರಂತೆ. "ಹೆಸರು ಹಾಕಲ್ಲ ಮೇಡಂ," ಎಂದಳು ಸಮಾಧಾನ ಹೇಳುವವಳಂತೆ. ಸಹಿ ಹಾಕಿ, ಅವಳಿಗೆ ಕಾಫಿ ಕೊಟ್ಟು ಕಳಿಸಿದೆ.

ಇಬ್ಬನಿ ಈಗ ಬೆಳಿಗ್ಗೆ ಚೌಡಮ್ಮನ ತಲೆ ಬಾಚುತ್ತಾಳೆ. ಭಾನುವಾರ ಜಯಾಂಟಿಯ ಮನೆಗೂ ಹೋಗುತ್ತಾಳೆ. ಯಾರೂ ಹೋಗು ಎಂದದ್ದಲ್ಲ. ಆದರೆ ಮನೆಯಲ್ಲಿರುವಷ್ಟು ಹೊತ್ತು ನನ್ನ ಬೆನ್ನು ಬಿಡುವುದಿಲ್ಲ. ನಾನು ಸ್ಟೂಲು ಹತ್ತಿದರೆ ಹಿಡಿದುಕೊಳ್ಳುತ್ತಾಳೆ. ಗ್ಯಾಸಿನ ಗುಂಡಿ ಎರಡು ಸಲ ನೋಡುತ್ತಾಳೆ. ರಸ್ತೆ ದಾಟುವಾಗ ಮುಂಗೈ ಹಿಡಿಯುತ್ತಾಳೆ, ಹಿಡಿದದ್ದು ಗೊತ್ತಾಗಬಾರದೆಂದು ಬೇರೆ ಕಡೆ ನೋಡುತ್ತಾಳೆ. ಆಣೆ ಹಾಕಿಸಿಕೊಂಡ ಧೃತಿಯೇ ಗುಟ್ಟು ಬಿಟ್ಟುಕೊಟ್ಟಳಲ್ಲ, ಈಗ ಅದು ತಟ್ಟುತ್ತದೋ ಇಲ್ಲವೋ ಎಂದು ಅವಳಿಗೆ ತಿಳಿಯದು. ನಿನ್ನೆ ದೋಸೆ ಹೊಯ್ಯುವಾಗ ಪಕ್ಕದಲ್ಲೇ ನಿಂತು ಕೇಳಿದಳು.

"ಅಮ್ಮಾ, ಆಣೆ ಮುರಿದ್ರೆ ಎಷ್ಟು ದಿನದೊಳಗೆ ಆಗುತ್ತಂತೆ?"

"ಏನು?"

"ಏನೂ ಇಲ್ಲ."

ಅದೆಲ್ಲ ಬರೀ ಮಾತು ಕಣೇ, ನನಗೇನೂ ಆಗುವುದಿಲ್ಲ, ಹೋಗಿ ಓದಿಕೋ ಎಂದು ಅವಳಿಗೆ ಹೇಳಬೇಕು. ಹೇಳಿದರೆ ನಂಬುತ್ತಾಳೆ. ದಿನಾ ಹೇಳಬೇಕೆಂದುಕೊಳ್ಳುತ್ತೇನೆ.

ಇವತ್ತು ಭಾನುವಾರ. ಇಬ್ಬನಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಜಯಶೀಲಾ ಆಚೆ ಗೇಟಿನ ಹತ್ತಿರ ನಿಂತು, "ಬೇಗ ಬಾರೇ, ಬಸ್ ಬಿಡ್ತೀನಿ!" ಎಂದು ಕೂಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗಂಟಲಲ್ಲಿ ಏನೂ ಇರಲಿಲ್ಲ. ಆದರೂ ಒಂದು ಸಲ ಕೆಮ್ಮಿದೆ, ಬಾಗಿಲವರೆಗೆ ಕೇಳುವಷ್ಟು.

ಹಾಕಿದ್ದ ಒಂದು ಚಪ್ಪಲಿಯಲ್ಲೇ ಅವಳು ಒಳಗೆ ಓಡಿ ಬಂದಳು.